ಗುಂಡಿಯಣ್ಣನಿಗೆ ಬೆಳ್ಳಿ ರ್‍ಯಾಂಕ್ ಬಂದದ್ದು

ಗುಂಡಿಯಣ್ಣ ಹುಟ್ಟಿದಾಗಿನಿಂದ ಯಾರ ಮೇಲೂ ಕೈ ಎತ್ತಿದವರಲ್ಲ. ಬಸ್ಸು ನಿಲ್ಲಿಸಲೆಂದು ಕೈ ಎತ್ತಿದರೂ ಡ್ರೈವರು ತಪ್ಪು ತಿಳಿದಾನೆಂದು ಅರ್ಧದಲ್ಲೇ ಇಳಿಸಿಬಿಡುತ್ತಿದ್ದರು. ಹೀಗೆ ಅವರನ್ನು ಬಿಟ್ಟು ಹೋದ ಬಸ್ಸುಗಳಿಗೆ ಲೆಕ್ಕವಿಲ್ಲ. ಇಂಥವರು ಇಡೀ ಬೀದಿಯೇ ದಾರಿ ಬಿಡುವ ಜಟ್ಟಿಯಾದದ್ದು ಹೇಗೆ ಎಂಬುದನ್ನು ಉಪ್ಪು ಖಾರ ಹಚ್ಚದೆ ಹೇಳುತ್ತೇನೆ.

ಅವರದು ಗುಂಡಿಯ ವ್ಯಾಪಾರ. ಬಟ್ಟೆ ಅಂಗಡಿಗಳ ಸಾಲಿನ ಕೊನೆಯಲ್ಲಿ ಒಂದು ಸಣ್ಣ ಮಳಿಗೆ. ಗೋಡೆ ತುಂಬ ಡಬ್ಬಿಗಳು, ಪ್ರತಿ ಡಬ್ಬಿಯ ಮುಖಕ್ಕೂ ಒಳಗಿರುವ ಗುಂಡಿಯದೇ ಒಂದು ಮಾದರಿ. ಹರಿದ ಕೋಟು ತೋರಿಸಿದರೆ ಸಾಕು, ಕಳೆದುಹೋದ ಗುಂಡಿಯ ಅಣ್ಣತಮ್ಮನನ್ನು ಹುಡುಕಿ ಕೊಡುತ್ತಿದ್ದರು. ಮೈಯಲ್ಲಿ ಮಾಂಸವೆಂಬುದು ಹೇಳಿಕೊಳ್ಳುವಷ್ಟಿರಲಿಲ್ಲ. ಗಾಳಿ ಜೋರಾದ ದಿನ ಹೆಂಡತಿ ಅವರ ಕೈಗೊಂದು ತುಂಬಿದ ಚೀಲ ಕೊಟ್ಟು ಕಳಿಸುತ್ತಾಳೆಂದು ಬೀದಿಯವರು ಹೇಳುತ್ತಿದ್ದರು. ಚೀಲದಲ್ಲಿ ಬರೀ ಊಟದ ಡಬ್ಬಿ ಇರುತ್ತಿತ್ತು ಎಂದು ಹೆಂಡತಿ ಹೇಳುತ್ತಿದ್ದಳು. ಇಬ್ಬರಲ್ಲಿ ಯಾರದು ನಿಜವೋ ನನಗೆ ಗೊತ್ತಿಲ್ಲ.

ಒಮ್ಮೆ ಹಳೆಯ ಟಿವಿಯೊಂದನ್ನು ಕೊಂಡಾಗ ಮಾರಿದವನು ಮನೆಯಲ್ಲಿ ಜಾಗವಿಲ್ಲವೆಂದು ಆಟದ ಯಂತ್ರವೊಂದನ್ನೂ ಅದರ ಜೊತೆಗೇ ದಾಟಿಸಿಬಿಟ್ಟ. ಯಂತ್ರದಲ್ಲಿ ಇದ್ದದ್ದು ಒಂದೇ ಆಟ, ಕುಸ್ತಿಯೂ ಗುದ್ದಾಟವೂ ಬೆರೆತದ್ದು. ಇಬ್ಬರು ಎದುರುಬದುರು ನಿಂತು ಒಬ್ಬ ಬೀಳುವವರೆಗೆ ಬಡಿದಾಡಬೇಕು. ಕೈಯಲ್ಲಿ ಹಿಡಿದ ಪೆಟ್ಟಿಗೆಯ ಗುಂಡಿ ಒತ್ತಿದಂತೆ ತೆರೆಯ ಮೇಲಿನವನು ಒದೆಯುತ್ತಾನೆ, ಗುದ್ದುತ್ತಾನೆ. ಹಗಲೆಲ್ಲ ಗುಂಡಿ ಮಾರುವವರು ಸಂಜೆ ಗುಂಡಿ ಒತ್ತಲು ಕೂತರು. ಆಟದೊಳಗಿದ್ದ ಇಪ್ಪತ್ತು ಮೂವತ್ತು ಜಟ್ಟಿಗಳಲ್ಲಿ ಅವರು ಆರಿಸಿಕೊಂಡದ್ದು ಬಾಗಿಲಿನಷ್ಟು ಅಗಲದ ಎದೆಯ, ಕುತ್ತಿಗೆಯೇ ಇಲ್ಲದ ಒಬ್ಬ ದೈತ್ಯನನ್ನು. ಅವನಿಗೆ ಬಂಡೆ ಎಂದು ತಾವೇ ಹೆಸರಿಟ್ಟರು.

ಇಂಟರ್ನೆಟ್ಟಿಗೆ ಜೋಡಿಸಿದರೆ ಇನ್ನೆಲ್ಲೋ, ಇನ್ನಾರದೋ ಮನೆಯಲ್ಲಿ ಕೂತವನನ್ನು ಯಂತ್ರವೇ ಹುಡುಕಿ ಎದುರಿಗೆ ನಿಲ್ಲಿಸುತ್ತಿತ್ತು. ಬಲಕ್ಕೆ ತಕ್ಕ ಜೋಡಿ. ಗೆದ್ದರೆ ರ್‍ಯಾಂಕ್ ಏರುತ್ತದೆ, ಸೋತರೆ ಇಳಿಯುತ್ತದೆ. ಕಬ್ಬಿಣ, ಕಂಚು, ಬೆಳ್ಳಿ, ಬಂಗಾರ, ಅದರ ಮೇಲೆ ಗುಂಡಿಯಣ್ಣ ಕತ್ತೆತ್ತಿ ನೋಡದ ಇನ್ನೂ ಏನೇನೋ. ಎದುರಾಳಿಗಾಗಿ ಹುಡುಕುವಾಗ ತೆರೆಯ ಮೇಲೊಂದು ಬಳೆ ತಿರುಗುತ್ತಿತ್ತು. ಆ ಹೊತ್ತು ಗುಂಡಿಯಣ್ಣನಿಗೆ ಬಹಳ ಇಷ್ಟ. ತನಗೆ ಸರಿಸಮನಾದವನು ಯಾರಿದ್ದಾನೆಂದು ಭೂಮಿಯನ್ನೆಲ್ಲ ಜಾಲಾಡುತ್ತಿದೆಯಲ್ಲ ಎಂದು ಬೆನ್ನು ನೆಟ್ಟಗೆ ಮಾಡಿ, ಕಾಲರ್ ಸರಿಮಾಡಿಕೊಂಡು ಕೂರುತ್ತಿದ್ದರು.

“ನಮ್ಮ ಮದುವೆಗೂ ಇಷ್ಟು ಹುಡುಕಿರ್ಲಿಲ್ಲ ಬಿಡಿ,” ಎಂದು ಹೆಂಡತಿ ಉತ್ತರ ಪತ್ರಿಕೆಗಳಿಂದ ತಲೆ ಎತ್ತದೆ ಹೇಳುತ್ತಿದ್ದಳು. ಆಕೆ ಶಾಲೆಯಲ್ಲಿ ಗಣಿತದ ಟೀಚರು. ಗಂಡ ಗೆದ್ದದ್ದಕ್ಕಿಂತ ಸೋತದ್ದೇ ಹೆಚ್ಚೆಂದು ಬಲ್ಲವಳು, ಆದರೆ ಕೇಳದೆ ಹೇಳುತ್ತಿರಲಿಲ್ಲ.

ಬಹಳ ಕಾಲ ಗುಂಡಿಯಣ್ಣ ಕಂಚಿನಲ್ಲೇ ಬಿದ್ದಿದ್ದರು. ಬೆಳ್ಳಿಯ ಹೊಸ್ತಿಲಿಗೆ ಬರುವುದು, ಜಾರಿ ಬೀಳುವುದು. ಕೆಲವು ಸಲ ಇನ್ನೇನು ಗೆದ್ದರು ಎನ್ನುವಾಗ ಎದುರಿನವನು ಸೋಲಲು ಮನಸ್ಸಿಲ್ಲದೆ ತನ್ನ ಮನೆಯ ತಂತಿಯನ್ನೇ ಕಿತ್ತು ಮಾಯವಾಗುತ್ತಿದ್ದ. ಕೊನೆಗೊಂದು ಸಂಜೆ ಬಡ್ತಿಯ ಪಂದ್ಯ ಬಂತು. ಬಂಡೆಯ ಪ್ರಾಣ ಕೂದಲೆಳೆಯಷ್ಟು ಉಳಿದಿದ್ದಾಗ ಗುಂಡಿಯಣ್ಣ ಕಣ್ಣು ಮುಚ್ಚಿ, ಇದ್ದ ಬಲವನ್ನೆಲ್ಲ ಹೆಬ್ಬೆರಳಿಗೆ ತಂದು ಒತ್ತಿದರು. ಕಣ್ಣು ಬಿಟ್ಟಾಗ ಎದುರಾಳಿ ಅಂಗಾತ ಬಿದ್ದಿದ್ದ, ತೆರೆಯೆಲ್ಲ ಬೆಳ್ಳಿಯಾಗಿತ್ತು, ಹೆಬ್ಬೆರಳು ಬದನೆಕಾಯಿಯಾಗಿತ್ತು.

ಇಲ್ಲಿಯವರೆಗೆ ಯಾರಿಗೂ ಏನೂ ತೊಂದರೆಯಿರಲಿಲ್ಲ. ತೊಂದರೆ ಶುರುವಾದದ್ದು ಮರುದಿನ, ಡಾಕ್ಟರ ಶಾಪಿನಲ್ಲಿ.

ಡಾಕ್ಟರು ಬೆರಳು ಒತ್ತಿ ನೋಡಿ, ಉಳುಕು ಅಷ್ಟೇ ಎಂದು ಪಟ್ಟಿ ಕಟ್ಟಿಸಿಕೊಳ್ಳಲು ಕಾಂಪೌಂಡರ್ ಹತ್ತಿರ ಕಳಿಸಿದರು. ಕಾಂಪೌಂಡರ್ ಒಳ್ಳೆಯ ಮನುಷ್ಯ. ಆದರೆ ದಿನವಿಡೀ ರೋಗಿಗಳನ್ನು ಕೂಗಿ ಕರೆದು ಅವನಿಗೆ ಮೆಲ್ಲಗೆ ಮಾತಾಡುವುದೇ ಮರೆತುಹೋಗಿತ್ತು. ಕಾಯುವ ಬೆಂಚಿನ ತುಂಬ ಜನ. ಗುಂಡಿಯಣ್ಣ ಇರುವ ವಠಾರದ ಸಂಘದ ಅಧ್ಯಕ್ಷರೂ ಮೊಣಕಾಲು ಹಿಡಿದುಕೊಂಡು ಅಲ್ಲೇ ಕೂತಿದ್ದರು. ಬೆರಳಿಗೇನಾಯಿತೆಂದು ಕಾಂಪೌಂಡರ್ ಕೇಳಿದ. ಈ ವಯಸ್ಸಿನಲ್ಲಿ ಟಿವಿ ಆಟ ಆಡಿದೆ ಎನ್ನಲು ಗುಂಡಿಯಣ್ಣನಿಗೆ ನಾಲಿಗೆ ಏಳಲಿಲ್ಲ.

“ಫೈಟ್ ಇತ್ತು,” ಎಂದರು ಪಿಸುಗುಟ್ಟಿ.

“ಫೈಟಾ?” ಎಂದ ಕಾಂಪೌಂಡರ್, ಬೀದಿಗೆ ಕೇಳುವಂತೆ. “ನೀವಾ? ಎದುರಿನವನು ಏನಾದ?”

“ಎತ್ತಿ ಎಸೆದೆ. ಮೇಲೇಳ್ಲಿಲ್ಲ.”

“ಮೇಲೇಳ್ಲೇ ಇಲ್ವಾ? ಎಷ್ಟು ದಿನದಿಂದ ನಡೀತಿದೆ ಇದು?”

“ಬಹಳ ದಿನ ಆಯ್ತು. ನಿನ್ನೆ ಬೆಳ್ಳಿಗೆ ಬಂದೆ. ಕೆಳಗಿನ ಬೆಳ್ಳಿ, ಅಷ್ಟೇನಿಲ್ಲ.”

ಇದರಲ್ಲಿ ಒಂದು ಅಕ್ಷರ ಸುಳ್ಳಿಲ್ಲ ಎಂಬುದನ್ನು ಓದುಗರು ಗಮನಿಸಬೇಕು. ಗುಂಡಿಯಣ್ಣ ಆಮೇಲೆ ಹೆಂಡತಿಯ ಮುಂದೆ ಇದನ್ನೇ ವಾದಿಸಿದರು. ಬೆಂಚಿನ ಮೇಲಿದ್ದವರು ಮಾತ್ರ ಉಸಿರು ಹಿಡಿದು ಆ ಒಣಕಲು ಮೈಯನ್ನು ಹೊಸದಾಗಿ ನೋಡಿದರು. ಅಂಗಿಯೊಳಗೆ ಮಾಂಸ ಕಾಣದಿದ್ದದ್ದೇ ಅವರಿಗೆ ಭಯ ಹುಟ್ಟಿಸಿತು. ಬರೀ ನರದಲ್ಲೇ ಇಷ್ಟು ಶಕ್ತಿಯೇ ಎಂದು ಅಧ್ಯಕ್ಷರು ಮೊಣಕಾಲು ಮರೆತು ಎದ್ದು ನಿಂತು ತಮ್ಮ ಸರದಿಯನ್ನೇ ಬಿಟ್ಟುಕೊಡಲು ಹೋದರು. ಗುಂಡಿಯಣ್ಣನ ಸರದಿ ಆಗಲೇ ಮುಗಿದಿತ್ತು ಎಂಬುದು ಬೇರೆ ಮಾತು.

ಸುದ್ದಿ ಅವರಿಗಿಂತ ಮೊದಲೇ ಮನೆ ಸೇರಿತು. ವಾರ ಕಳೆಯುವುದರೊಳಗೆ ವಠಾರದ ನಡವಳಿಕೆಯೇ ಬದಲಾಯಿತು. ಲಿಫ್ಟಿನೊಳಗೆ ಇದ್ದವರು ಗೋಡೆಗೆ ಒತ್ತಿಕೊಂಡು ಜಾಗ ಮಾಡಿದರು. ನೀರಿನ ಸರದಿಗೆ ಜಗಳವಾಡುವವರು ಅವರ ಕೆಮ್ಮು ಕೇಳಿ ಒಂದಾದರು. ಒಂದು ಡಜನ್ ಗುಂಡಿಗೆ ಅರ್ಧ ತಾಸು ಚೌಕಾಸಿ ಮಾಡುತ್ತಿದ್ದ ದರ್ಜಿ, ಪಟ್ಟಿ ಕಟ್ಟಿದ ಹೆಬ್ಬೆರಳನ್ನೇ ನೋಡುತ್ತ ಹೇಳಿದಷ್ಟು ಕೊಟ್ಟು, ಬೆನ್ನು ತಿರುಗಿಸದೆ ಹಿಂದಕ್ಕೆ ಹಿಂದಕ್ಕೆ ನಡೆದು ಹೋದ. ನಾನು ಅಂಥವನಲ್ಲ ಎಂದು ಗುಂಡಿಯಣ್ಣ ಹೇಳದೆ ಇರಲಿಲ್ಲ. ಹೇಳಿದಷ್ಟೂ ಜನ ಅವರ ವಿನಯಕ್ಕೆ ತಲೆದೂಗಿದರು.

“ಹೋಗಿ ಇದ್ದದ್ದು ಹೇಳಿಬಿಡಿ,” ಎಂದಳು ಹೆಂಡತಿ.

“ನಾನೆಲ್ಲಿ ಸುಳ್ಳು ಹೇಳ್ದೆ?”

“ಹೇಳ್ಲಿಲ್ಲ. ಸುಮ್ನಿದ್ರಿ. ಲೆಕ್ಕದಲ್ಲಿ ಎರಡಕ್ಕೂ ಒಂದೇ ಸೊನ್ನೆ.”

ಜೀವಮಾನದಲ್ಲಿ ಮೊದಲ ಸಲ ಬಸ್ಸೊಂದು ಗುಂಡಿಯಣ್ಣ ಕೈ ಎತ್ತುವ ಮೊದಲೇ ನಿಂತಿತ್ತು. ಡ್ರೈವರು ಅದೇ ಬೀದಿಯವನು. ಅಂಥ ಸುಖವನ್ನು ಅಷ್ಟು ಬೇಗ ಬಿಟ್ಟುಕೊಡಲು ಮನಸ್ಸಾಗುವುದಾದರೂ ಹೇಗೆ?

ಆ ಭಾನುವಾರ ಹೆಂಡತಿಯ ತಮ್ಮ ಬಂದ. ಅವನು ಹೆಡ್ ಕಾನ್‌ಸ್ಟೇಬಲ್, ಸಂಬಂಧದಲ್ಲಿ ಚಿಕ್ಕವನಾದರೂ ಯೂನಿಫಾರಂ ಹಾಕಿಕೊಂಡರೆ ದೊಡ್ಡವನು. ಆ ದಿನ ಹಾಕಿಕೊಂಡೇ ಬಂದಿದ್ದ. ಟೋಪಿ ತೆಗೆಯದೆ ಕೂತು, ಕದ್ದುಮುಚ್ಚಿ ಕುಸ್ತಿ ನಡೆಸುವವರ ಗುಂಪೊಂದು ಈ ಬೀದಿಯಲ್ಲಿದೆ ಎಂದು ಠಾಣೆಗೆ ಸುದ್ದಿ ಬಂದಿದೆ, ಅದರಲ್ಲಿ ಭಾವನ ಹೆಸರೇ ಮುಂದಿದೆ ಎಂದ.

“ಎಲ್ಲಿ ಹೊಡೆದಾಡ್ತೀರಿ ಭಾವ?”

“ಇಲ್ಲೇ. ಈ ಸೋಫಾ ಮೇಲೆ.”

“ಯಾರ ಜೊತೆ?”

“ಯಾರೋ ಏನೋ. ದಿನಾ ಬೇರೆಬೇರೆಯವರು. ಅದೇ ಹುಡುಕಿ ಕಳಿಸುತ್ತೆ.”

“ಅದೇ ಅಂದ್ರೆ? ಅವನ ಹೆಸರು ಹೇಳಿ. ನಿಮ್ಮನ್ನ ಸಾಕ್ಷಿ ಮಾಡಿ ಉಳಿಸ್ತೀನಿ.”

ಅಕ್ಕ ಒಳಗಿಂದ ಬಂದು ಟಿವಿಯ ಸ್ವಿಚ್ ಹಾಕಿದಳು. ಭಾವ ಆಡಿ ತೋರಿಸಿದರು, ಎಂದಿನಂತೆ ಸೋತರು. ಕಾನ್‌ಸ್ಟೇಬಲ್ ಮೊದಲು ಟೋಪಿ ತೆಗೆದ, ಆಮೇಲೆ ಬೆಲ್ಟು ಸಡಿಲ ಮಾಡಿದ, ಆಮೇಲೆ ಕಣ್ಣೊರೆಸಿಕೊಳ್ಳುವವರೆಗೆ ನಕ್ಕ. ತಮ್ಮ ಇನ್ನಾದರೂ ಬೀದಿಯವರಿಗೆ ನಿಜ ಹೇಳಿಯಾನು ಎಂದು ಹೆಂಡತಿ ಕಾದಳು. ಅವನು ಹೇಳಿದ್ದೇ ಬೇರೆ. ಈ ಸುದ್ದಿ ಹಬ್ಬಿದ ಮೇಲೆ ಬೀದಿಯಿಂದ ಠಾಣೆಗೆ ಒಂದು ಜಗಳದ ದೂರೂ ಬಂದಿಲ್ಲ, ಸಾಹೇಬರು ಖುಷಿಯಾಗಿದ್ದಾರೆ, ಆದ್ದರಿಂದ ಇಲಾಖೆಯ ಹಿತದೃಷ್ಟಿಯಿಂದ ಭಾವ ಸ್ವಲ್ಪ ದಿನ ಹೀಗೇ ಇರುವುದು ಒಳ್ಳೆಯದು. ಹೋಗುವಾಗ ವಠಾರದವರು ನೋಡುತ್ತಿದ್ದಾರೆಂದು ತಿಳಿದು ಭಾವನಿಗೆ ಎಳೆದು ಒಂದು ಸೆಲ್ಯೂಟನ್ನೂ ಹೊಡೆದ. ಅಲ್ಲಿಗೆ ಇದ್ದ ಅನುಮಾನವೂ ತೀರಿತು.

ಅದೇ ವಾರ ಸಂಘದ ಸಭೆ ಕರೆದರು. ವಿಷಯ ಒಂದೇ, ಲಾರಿ. ಎದುರು ಷೆಡ್ಡಿನಲ್ಲಿ ಮನೆ ಸಾಮಾನು ಸಾಗಿಸುವವನೊಬ್ಬನಿದ್ದ. ಅವನು ಸಂಜೆಯಾದರೆ ಲಾರಿಯನ್ನು ವಠಾರದ ಗೇಟಿಗೆ ಅಡ್ಡ ನಿಲ್ಲಿಸುತ್ತಿದ್ದ. ಕೆಳಮನೆಯ ಅಜ್ಜಿಗೆ ಹೋದ ವಾರ ಉಸಿರು ಕಟ್ಟಿದಾಗ ಆಂಬುಲೆನ್ಸ್ ಒಳಗೆ ಬರಲಾಗದೆ ಮೂಲೆಯಲ್ಲೇ ನಿಂತಿತ್ತು, ಅಜ್ಜಿಯನ್ನು ಕುರ್ಚಿ ಸಮೇತ ಹೊತ್ತುಕೊಂಡು ಹೋಗಬೇಕಾಯಿತು. ಅಜ್ಜಿ ಬದುಕಿ ಬಂದಿದ್ದಳು. ಬಂದವಳು ಮುಂದಿನ ಸಲಕ್ಕೆ ತನ್ನಲ್ಲಿ ಅಷ್ಟು ಹೊತ್ತು ಕಾಯುವ ಉಸಿರಿಲ್ಲ ಎಂದು ಸಭೆಗೆ ಹೇಳಿದಳು.

ಲಾರಿಯವನಿಗೆ ಹೇಳಿಲ್ಲವೆಂದಲ್ಲ. ಎಲ್ಲರೂ ಮಹಡಿಯಿಂದ ಕೂಗಿದವರೇ. ಕೂಗಿದಾಗೆಲ್ಲ ಅವನು ಒನಕೆಯಂಥ ತೋಳು ಎತ್ತಿ ಬೀಸಿ ಹೆದರಿಸುತ್ತಿದ್ದ. ಕೆಳಗಿಳಿದು ಹೋಗಿ ಹೇಳುವವರು ಯಾರು? ಸಭೆಯಲ್ಲಿ ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಎಲ್ಲರೂ ಒಂದು ಹೆಬ್ಬೆರಳನ್ನು ನೋಡಿದರು.

ಗುಂಡಿಯಣ್ಣ ಅದನ್ನು ಬೆನ್ನ ಹಿಂದೆ ಮುಚ್ಚಿಟ್ಟರು. ನನ್ನ ಕೈಲಿ ಆಗುವುದಿಲ್ಲ, ನಾನು ಹೋಗಬಾರದು ಎಂದು ಬೇಡಿಕೊಂಡರು.

“ನಿಮ್ಮ ಸಿಟ್ಟಿಗೆ ನೀವೇ ಹೆದರ್ತೀರಿ. ನಮಗೆ ಅರ್ಥವಾಗುತ್ತೆ,” ಎಂದರು ಅಧ್ಯಕ್ಷರು ಮೃದುವಾಗಿ. “ಕೈ ಮಾಡ್ಬೇಡಿ. ಬರೀ ನಿಂತ್ರೆ ಸಾಕು.”

ಬರೀ ನಿಲ್ಲುವುದೇ ಆಗಲಾರದು ಎಂಬ ಗುಟ್ಟು ಗುಂಡಿಯಣ್ಣನ ಮೊಣಕಾಲುಗಳಿಗೆ ಮಾತ್ರ ಗೊತ್ತಿತ್ತು. ಆದರೆ ಅಜ್ಜಿ ಅವರ ಕಡೆಗೇ ನೋಡುತ್ತಿದ್ದಳು. ಆಯಿತು ಎಂದು ಯಾರೋ ಹೇಳಿದ್ದು ಕೇಳಿಸಿತು. ಹೇಳಿದ್ದು ತಾವೇ ಎಂದು ಗುಂಡಿಯಣ್ಣನಿಗೆ ತಿಳಿದದ್ದು ಚಪ್ಪಾಳೆ ಬಿದ್ದ ಮೇಲೆ.

ಬೆಳಿಗ್ಗೆ ಹೆಂಡತಿ ಚೀಲ ಕೊಡಲು ಬಂದಳು. ಇವತ್ತು ಬೇಡ ಎಂದರು. ನಾನೂ ಬರಲೇ ಎಂದು ಕೇಳಿದಳು, ಅದಕ್ಕೂ ಬೇಡ ಎಂದರು. ಪ್ರತಿ ಮಹಡಿಯಲ್ಲೂ ಜನ ಕಟಕಟೆ ಹಿಡಿದು ನಿಂತಿದ್ದರು. ಅಧ್ಯಕ್ಷರು ಕಾಂಪೌಂಡರನ್ನು ಪಟ್ಟಿ, ಔಷಧಿ ಸಮೇತ ಕರೆಸಿ ಗೇಟಿನ ಬಳಿ ನಿಲ್ಲಿಸಿದ್ದರು. ಲಾರಿಯವನಿಗಾಗಿ ಎಂದು ಬೇರೆ ಹೇಳಬೇಕಿಲ್ಲ.

ಷೆಡ್ಡಿನಲ್ಲಿ ಲಾರಿಯವನು ಒಂದು ಕಬ್ಬಿಣದ ಬೀರುವನ್ನು ಬೆನ್ನ ಮೇಲೆ ಹೊತ್ತು ನಿಂತಿದ್ದ. ಗುಂಡಿಯಣ್ಣನನ್ನು ಕಂಡದ್ದೇ ಬೀರುವನ್ನು ಇಳಿಸಿದ, ಅಥವಾ ಅದೇ ಕೈ ಜಾರಿತು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಗುಂಡಿಯಣ್ಣನಿಗೆ ಕಣ್ಣು ಕತ್ತಲೆ ಬಂತು. ಲಾರಿಯವನೇ ಒಂದು ಸ್ಟೂಲು ಎಳೆದು, ಒರೆಸಿ, ದೂರ ಸರಿದು ನಿಂತ. ಕೂತ ಮೇಲೆ ಗುಂಡಿಯಣ್ಣ ಸಿದ್ಧಮಾಡಿಕೊಂಡು ಬಂದಿದ್ದ ಒಂದು ಮಾತೂ ನೆನಪಿಗೆ ಬಾರದೆ, ಇದ್ದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿಬಿಟ್ಟರು. ಟಿವಿ, ಯಂತ್ರ, ಬಂಡೆ, ಕಂಚು, ಬೆಳ್ಳಿ, ಹೆಬ್ಬೆರಳು, ಕಾಂಪೌಂಡರ್, ಭಾವಮೈದ, ಕೊನೆಗೆ ಅಜ್ಜಿ.

ಲಾರಿಯವನು ಬೀರುವಿಗೆ ಒರಗಿ ಕೇಳಿಸಿಕೊಂಡ. ಎಲ್ಲ ಮುಗಿದ ಮೇಲೆ ಮುಖ ಒರೆಸಿಕೊಂಡ.

“ರಾತ್ರಿಯಿಡೀ ನಿದ್ದೆ ಇಲ್ಲ ಅಣ್ಣ,” ಎಂದ. “ಬೆಳ್ಳಿ ಪೈಲ್ವಾನರು ಬರ್ತಾರೆ ಅಂತ ದರ್ಜಿ ಹೇಳಿದ್ದ. ನಾನು ಯಾರಿಗೂ ಒಂದೇಟು ಹೊಡೆದವನಲ್ಲ. ಊರು ಬಿಟ್ಟುಬಿಡೋಣ ಅಂತ ಮನೆಯವಳ ಹತ್ರ ಹೇಳ್ದೆ.”

ಹಾಗಾದರೆ ಮೇಲಿನಿಂದ ಕೂಗಿದಾಗ ತೋಳು ಬೀಸಿದ್ದು ಏಕೆ ಎಂದು ಗುಂಡಿಯಣ್ಣ ಕೇಳಿದರು. ಇಂಜಿನ್ ಸದ್ದಿಗೆ ಮೇಲಿನವರ ಮಾತು ಒಂದೂ ಕೇಳುವುದಿಲ್ಲ, ದಿನಾ ಅಷ್ಟು ಜನ ಬಂದು ನಿಂತು ಮಾತಾಡಿಸುತ್ತಾರಲ್ಲ ಎಂದು ತಾನೂ ನಮಸ್ಕಾರವೆಂಬಂತೆ ಕೈ ಎತ್ತುತ್ತಿದ್ದೆ ಎಂದ ಅವನು. ಈ ಬೀದಿಯವರಷ್ಟು ಸ್ನೇಹಸ್ಥರನ್ನು ಕಂಡಿಲ್ಲ ಎಂದು ಮನೆಯವಳಿಗೂ ಹೇಳಿದ್ದನಂತೆ. ಬೀದಿಯೆಲ್ಲ ಇಳಿಜಾರು, ಲಾರಿಯ ಹ್ಯಾಂಡ್‌ಬ್ರೇಕ್ ಸರಿಯಾಗಿ ಹಿಡಿಯುವುದಿಲ್ಲ, ಸಮತಟ್ಟು ಇರುವುದು ಗೇಟಿನ ಎದುರಿಗೆ ಮಾತ್ರ. ಅಜ್ಜಿಯ ವಿಷಯ ಅವನಿಗೆ ತಿಳಿದೇ ಇರಲಿಲ್ಲ. ತಿಳಿದಾಗ ಆ ದೊಡ್ಡ ಮುಖ ಸಣ್ಣದಾಯಿತು.

ಗುಂಡಿ ಅಂಗಡಿಯ ಹಿಂದೆ ಒಂದು ಖಾಲಿ ಜಾಗವಿತ್ತು, ಹಲಗೆಯಂತೆ ಸಮ. ಅಲ್ಲಿ ನಿಲ್ಲಿಸು ಎಂದರು ಗುಂಡಿಯಣ್ಣ. ಈಗಲೇ ಎಂದು ಅವನು ಎದ್ದ.

ಮಹಡಿಗಳ ಮೇಲಿನವರಿಗೆ ಕಂಡದ್ದು ಇಷ್ಟು. ಒಳಗೆ ಏನೋ ಭಾರವಾದದ್ದು ಬಿದ್ದ ಸದ್ದು. ಆಮೇಲೆ ಬಹಳ ಹೊತ್ತು ಮೌನ. ಆಮೇಲೆ ಕೆಂಪು ಕಣ್ಣಿನ ಲಾರಿಯವನು ತಲೆ ತಗ್ಗಿಸಿ ಹೊರಬಂದು ಲಾರಿ ತೆಗೆದ. ಗುಂಡಿಯಣ್ಣನ ಅಂಗಿಯ ಇಸ್ತ್ರಿ ಕೂಡ ಮುರಿದಿರಲಿಲ್ಲ.

ಭಾನುವಾರ ಸಭಾಭವನದಲ್ಲಿ ಸನ್ಮಾನ ಇಟ್ಟರು. ಗುಂಡಿಯಣ್ಣ ಎಷ್ಟು ಹೇಳಿದರೂ ಕೇಳುವವರಿಲ್ಲ. ಲಾರಿಯವನನ್ನೂ ಕರೆಸಿ ಎಲ್ಲರೆದುರು ಬುದ್ಧಿ ಬಂದಿದೆ ಎಂದು ಹೇಳಿಸಬೇಕೆಂದು ಯಾರೋ ಸೂಚಿಸಿದ್ದರು. ಅವನು ಒಗೆದ ಅಂಗಿ ಹಾಕಿ, ಹೆಂಡತಿಯೊಂದಿಗೆ ಬಂದು ಕೊನೆಯ ಸಾಲಿನ ಕುರ್ಚಿಯ ಅಂಚಿನಲ್ಲಿ ಕೂತಿದ್ದ. ಅಧ್ಯಕ್ಷರು ಮೈಕು ಹಿಡಿದು, ಸೊಕ್ಕಿದವರಿಗೆ ಒಂದೇ ಏಟು ಹೇಗೆ ಸಾಕಾಗುತ್ತದೆ ಎಂದು ವಿವರಿಸತೊಡಗಿದರು. ಲಾರಿಯವನ ಹೆಂಡತಿ ಗಂಡನ ಮುಖ ನೋಡಿದಳು. ಅವನು ನೆಲ ನೋಡಿದ. ತಾನು ಏಟು ತಿಂದಿಲ್ಲವೆಂದು ಹೇಳಿದರೆ ಗುಂಡಿಯಣ್ಣನ ಗುಟ್ಟು ಹೊರಬೀಳುತ್ತದೆಂದು ಸುಮ್ಮನೆ ತಿಂದವನಂತೆ ಕೂತಿದ್ದ.

ಗುಂಡಿಯಣ್ಣನಿಗೆ ಅದು ತಡೆಯಲಾಗಲಿಲ್ಲ. ಎದ್ದು ಹೋಗಿ ಮೈಕಿನ ಎದುರು ನಿಂತು, ಎಲ್ಲವನ್ನೂ ಹೇಳಿದರು. ಏಟೂ ಇಲ್ಲ, ಕುಸ್ತಿಯೂ ಇಲ್ಲ, ಟಿವಿ ಆಟ. ಲಾರಿಯವನು ಮೊದಲ ಮಾತಿಗೇ ಒಪ್ಪಿದ, ತಪ್ಪು ಹೋಗಿ ಕೇಳದ ನಮ್ಮದು.

ಸಭೆ ಭೋರ್ಗರೆದು ಚಪ್ಪಾಳೆ ತಟ್ಟಿತು. ಸೋತವನ ಮಾನವನ್ನೂ ಕಾಯುವ ಇಂಥ ದೊಡ್ಡ ಮನಸ್ಸನ್ನು ತಮ್ಮ ಜೀವಮಾನದಲ್ಲಿ ಕಂಡಿಲ್ಲ ಎಂದು ಅಧ್ಯಕ್ಷರು ಗದ್ಗದಿತರಾದರು.

ಆಗ ಗುಂಡಿಯಣ್ಣನ ಹೆಂಡತಿ ಎದ್ದು ನಿಂತಳು. “ಟಿವಿ ತರಿಸಿ,” ಎಂದಳು, ತರಗತಿಯಲ್ಲಿ ಸೀಮೆಸುಣ್ಣ ತರಿಸುವ ದನಿಯಲ್ಲಿ.

ಲಾರಿಯವನು ಹೋಗಿ ಟಿವಿಯನ್ನು ಎದೆಗವಚಿಕೊಂಡು, ಯಂತ್ರವನ್ನು ಕಂಕುಳಲ್ಲಿಟ್ಟುಕೊಂಡು ಇಳಿಸಿ ತಂದ. ಅಧ್ಯಕ್ಷರ ಫೋನಿನಿಂದ ಇಂಟರ್ನೆಟ್ ಬಂತು. ವಠಾರವೆಲ್ಲ ನೋಡುತ್ತಿರುವಂತೆ ಬಂಡೆ ಎದೆಯುಬ್ಬಿಸಿ ಮುಂದೆ ಬಂದ. ಎದುರಿಗೆ ಎಲ್ಲಿಂದಲೋ ಜಡೆ ಹೆಣೆದ ಒಂದು ಪುಟ್ಟ ಹುಡುಗಿಯ ರೂಪದಲ್ಲಿ ಎದುರಾಳಿ ಇಳಿದ. ಗುಂಡಿಯಣ್ಣ ಪಟ್ಟಿ ಬಿಚ್ಚಿದ ಹೆಬ್ಬೆರಳು ಊರಿದರು. ಆ ಹುಡುಗಿ ಬಂಡೆಯ ತಲೆ ಮೇಲೆ ಹಾರಿದಳು, ಹಿಂದಿನಿಂದ ಒದ್ದಳು, ಗಾಳಿಗೆ ಎತ್ತಿ ಅಲ್ಲೇ ಬಟ್ಟೆ ಒಗೆದಂತೆ ಒಗೆದಳು. ಬಂಡೆ ಒಮ್ಮೆ ಕೈ ಎತ್ತಿದ, ಅದೂ ಬಿದ್ದ ಮೇಲೆ. ತೆರೆಯಿಂದ ಬೆಳ್ಳಿ ಕರಗಿ ಕಂಚು ಬಂತು. ಪಂದ್ಯ ಎಷ್ಟು ಹೊತ್ತು ನಡೆಯಿತೆಂದರೆ, ಅಧ್ಯಕ್ಷರು ಕನ್ನಡಕ ಹಾಕಿಕೊಳ್ಳುವುದರೊಳಗೆ ಮುಗಿದಿತ್ತು.

ಈ ಸಲ ಎಲ್ಲರೂ ನಂಬಿದರು.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಎದ್ದು ಹೋಗಲೂ ಇಲ್ಲ. ಗುಂಡಿಯಣ್ಣ ತೆರೆಯನ್ನೇ ನೋಡುತ್ತ ಕೂತರು. ಹೆಂಡತಿ ಪಕ್ಕಕ್ಕೆ ಬಂದು ಅವರ ಹೆಗಲ ಮೇಲೆ ಕೈಯಿಟ್ಟಳು, ಇಷ್ಟು ಜನರೆದುರು ಅದು ಮೊದಲ ಸಲ. ಕೆಳಮನೆಯ ಅಜ್ಜಿ ಗಂಟಲು ಸರಿಮಾಡಿಕೊಂಡು, ಆ ಕೂಸು ಬಲಗಾಲು ಎತ್ತುವ ಮೊದಲು ಭುಜ ಕುಣಿಸುತ್ತದೆ, ನೋಡಲಿಲ್ಲವೇನಪ್ಪ ಎಂದು ಕೇಳಿದಳು. ನೋಡಿರಲಿಲ್ಲ ಎಂದರು ಗುಂಡಿಯಣ್ಣ. ಹಾಗಾದರೆ ಇನ್ನೊಂದಾಟ ಹಾಕು, ನಾನು ಹೇಳುತ್ತೇನೆ ಎಂದಳು ಅಜ್ಜಿ. ಅಧ್ಯಕ್ಷರು ಕುರ್ಚಿ ಮುಂದಕ್ಕೆಳೆದುಕೊಂಡರು. ಕಾಂಪೌಂಡರ್ ಹಿಂದಿನಿಂದ, ಸಹಜವಾದ ತನ್ನ ದನಿಯಲ್ಲಿ, ಗುದ್ದಲು ಹೇಳಿದ. ಇಡೀ ಸಭೆ ಒಂದೊಂದು ಬಗೆಯಾಗಿ ಹೇಳಿದ್ದರಿಂದ ಗುಂಡಿಯಣ್ಣ ಎರಡನೆಯದನ್ನೂ ಸೋತರು. ಮೂರನೆಯದನ್ನು ಅಜ್ಜಿಯೊಬ್ಬಳ ಮಾತು ಕೇಳಿ ಆಡಿ, ಸ್ವಲ್ಪ ತಡವಾಗಿ ಸೋತರು.

ಅಲ್ಲಿಂದ ಪ್ರತಿ ಭಾನುವಾರ ಸಭೆ ಸೇರುತ್ತದೆ. ಗುಂಡಿಯಣ್ಣನನ್ನು ಮತ್ತೆ ಬೆಳ್ಳಿಗೆ ಏರಿಸುವುದು ಇಡೀ ವಠಾರದ ಜವಾಬ್ದಾರಿ ಎಂದು ಸಂಘ ಠರಾವು ಮಾಡಿದೆ. ಜವಾಬ್ದಾರಿ ಇನ್ನೂ ಪೂರೈಸಿಲ್ಲ. ದರ್ಜಿ ಮೊದಲಿನಂತೆ ಅರ್ಧ ತಾಸು ಚೌಕಾಸಿ ಮಾಡುತ್ತಾನೆ, ಮಾಡುತ್ತ ಮಾಡುತ್ತ ಹೋದ ವಾರದ ಆಟದಲ್ಲಿ ಎಲ್ಲಿ ತಪ್ಪಾಯಿತೆಂದು ವಿವರಿಸುತ್ತಾನೆ. ಟಿವಿ ಇಳಿಸುವುದು, ಏರಿಸುವುದು ಲಾರಿಯವನ ಕೆಲಸ, ಬೇರೆಯವರನ್ನು ಮುಟ್ಟಗೊಡುವುದಿಲ್ಲ. ಹೋದ ಭಾನುವಾರ ಅದನ್ನು ಹೊತ್ತು ಮೆಟ್ಟಿಲು ಹತ್ತುವಾಗ ಅವನು ನಿಂತು, ಬಹಳ ದಿನದಿಂದ ಮನಸ್ಸಿನಲ್ಲಿದ್ದದ್ದನ್ನು ಹೇಳಿಯೇಬಿಟ್ಟ.

“ಆ ಬಂಡೆಯನ್ನ ಬಿಟ್ಟುಬಿಡಿ ಅಣ್ಣ. ಇಷ್ಟು ದೊಡ್ಡ ಮೈ ಇಟ್ಕೊಂಡು ಯಾರಿಗಾದ್ರೂ ಹೊಡೆಯೋಕೆ ಮನಸ್ಸು ಬರುತ್ತಾ?”